ಚಕ್ರವ್ಯೂಹದ ಒಳಗಿನಿಂದ ಯುದ್ಧ: ‘ಗೆರ್ನಿಕಾ’ ಚಿತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಚಿತ್ರಕಲೆ ಕಲಿಸುವಾಗ, ರಜಾದಿನಗಳಲ್ಲಿ ಆಸಕ್ತರ ಜೊತೆ ಹಳೇಬೀಡಿಗೆ ಹೋಗಿ ಅಲ್ಲಿನ ಯುದ್ಧದ ಕೆತ್ತನೆಗಳ ಮುಂದೆ ನಿಂತು ಮಾತನಾಡುವಾಗ, ಪಾಬ್ಲೊ ಪಿಕಾಸೊ ಬರೆದ ‘ಗೆರ್ನಿಕಾ’ ಚಿತ್ರದ ಬಗ್ಗೆ ನನಗೆ ಎದುರಾಗುವ ಪ್ರಶ್ನೆಗಳಿವು. ಕೇಳುವವರಲ್ಲಿ ಪಿಯು ವಿದ್ಯಾರ್ಥಿಗಳಿದ್ದಾರೆ, ನಿವೃತ್ತ ಮೇಷ್ಟರುಗಳಿದ್ದಾರೆ, ಸೇನೆಯ ನೌಕರಿ ಮುಗಿಸಿ ಊರಿಗೆ ಮರಳಿದವರಿದ್ದಾರೆ, ಚಿಕ್ಕಮಗಳೂರು ಕಡೆಯ ತೋಟಗಳಿಂದ ಬಿಡುವು ಮಾಡಿಕೊಂಡು ಬರುವವರೂ ಇದ್ದಾರೆ. ಪ್ರಶ್ನೆ ಯಾರದೇ ಇರಲಿ, ಅದು ಸುತ್ತಿ ಬಳಸಿ ಒಂದೇ ಕಡೆಗೆ ಬರುತ್ತದೆ: ಯುದ್ಧದ ಅಲ್ಲೋಲಕಲ್ಲೋಲವನ್ನು, ಮುಂದೇನು ಎಂದು ತಿಳಿಯದ ದಿಗಿಲನ್ನು, ಅಲುಗಾಡದೆ ನಿಂತಿರುವ ಒಂದು ಚಿತ್ರ ಹೇಗೆ ಹಿಡಿದುಕೊಡುತ್ತದೆ?

‘ಗೆರ್ನಿಕಾ’ ಯಾವ ಯುದ್ಧದ ಚಿತ್ರ?

ಗೆರ್ನಿಕಾ ಸ್ಪೇನಿನ ಉತ್ತರಕ್ಕೆ ಬಾಸ್ಕ್ ಸೀಮೆಯಲ್ಲಿರುವ ಸಣ್ಣ ಪಟ್ಟಣ. ಸ್ಪೇನಿನ ಅಂತರ್ಯುದ್ಧದ ನಡುವೆ, 1937ರ ಏಪ್ರಿಲ್ 26ರ ಸೋಮವಾರ, ಸಂತೆಯ ದಿನ, ಸರ್ಕಾರದ ವಿರುದ್ಧ ದಂಗೆಯೆದ್ದು ಮುಂದೆ ಸರ್ವಾಧಿಕಾರಿಯಾದ ಜನರಲ್ ಫ್ರಾಂಕೊಗೆ ಬೆಂಬಲವಾಗಿ ಬಂದಿದ್ದ ಜರ್ಮನಿಯ ಕಾಂಡೋರ್ ಲೀಜನ್ ಮತ್ತು ಇಟಲಿಯ ವಿಮಾನಗಳು ಅದರ ಮೇಲೆ ಬಾಂಬು ಸುರಿದವು. ಇಳಿಹೊತ್ತಿಗೆ ಆರಂಭವಾದ ದಾಳಿ ಸುಮಾರು ಮೂರು ತಾಸು ನಡೆಯಿತು. ಸತ್ತವರೆಷ್ಟು ಎಂಬುದರ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಊರಿಗೆ ಬೆಂಕಿಯಿಟ್ಟವರು ಊರಿನ ಪರವಾಗಿ ಹೋರಾಡುತ್ತಿದ್ದವರೇ ಎಂದು ಫ್ರಾಂಕೊ ಪಾಳೆಯ ಬಹುಕಾಲ ಸಾಧಿಸುತ್ತಲೇ ಬಂದಿತು. ಮನೆ ಕಳೆದುಕೊಂಡವರಿಗೆ ತಮಗೆ ನಡೆದದ್ದು ನಡೆಯಿತೆಂದು ಒಪ್ಪಿಸುವ ಕೆಲಸವೂ ಹೆಗಲಿಗೆ ಬಿದ್ದಿತು. ಯುದ್ಧದ ಅನಿಶ್ಚಿತತೆ ಎಂದರೆ ಇದೂ ಸೇರಿಯೇ.

ಪ್ಯಾರಿಸ್‌ನಲ್ಲಿದ್ದ ಪಾಬ್ಲೊ ಪಿಕಾಸೊ ಆ ವರ್ಷದ ಜನವರಿಯಲ್ಲೇ ಅಲ್ಲಿನ ಅಂತಾರಾಷ್ಟ್ರೀಯ ಪ್ರದರ್ಶನದ ಸ್ಪೇನ್ ಮಂಟಪಕ್ಕೆ ದೊಡ್ಡದೊಂದು ಚಿತ್ರ ಬರೆದುಕೊಡಲು ಒಪ್ಪಿಕೊಂಡಿದ್ದರು. ಕೆಲಸ ಮುಂದೆ ಸಾಗಿರಲಿಲ್ಲ. ದಾಳಿಯ ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ಮೇ 1ರಂದು ಕರಡು ರೇಖೆಗಳನ್ನು ಎಳೆಯಲು ಕೂತರು. ಜೂನ್ ಮೊದಲ ವಾರದ ಹೊತ್ತಿಗೆ ಚಿತ್ರ ಮುಗಿದಿತ್ತು.

ಚಿತ್ರದಲ್ಲಿ ಏನೇನು ಇದೆ?

ಎಡ ತುದಿಯಲ್ಲಿ ಒಂದು ಗೂಳಿ. ಅದರ ಕೆಳಗೆ ಸತ್ತ ಮಗುವನ್ನು ಹಿಡಿದು, ಕೊರಳು ಹಿಂದಕ್ಕೆ ಚೆಲ್ಲಿ ಅರಚುವ ತಾಯಿ. ನಡುವೆ ಈಟಿ ತಿವಿದ ಕುದುರೆ. ನೆಲದ ಮೇಲೆ ಮುರಿದ ಕತ್ತಿ ಹಿಡಿದು ಬಿದ್ದಿರುವ ಯೋಧ, ಆ ಮುಷ್ಟಿಯ ಪಕ್ಕದಲ್ಲೇ ಒಂದು ಸಣ್ಣ ಹೂವು. ಮೇಲೆ ವಿದ್ಯುತ್ ಬಲ್ಬು. ಕಿಟಕಿಯಿಂದ ಕೈ ಚಾಚಿ ದೀಪ ಹಿಡಿದ ಹೆಂಗಸು, ಕಾಲೆಳೆದುಕೊಂಡು ಬರುತ್ತಿರುವ ಇನ್ನೊಬ್ಬಳು, ಬಲ ತುದಿಯಲ್ಲಿ ಉರಿಯುವ ಮನೆಯಲ್ಲಿ ಎರಡೂ ಕೈ ಎತ್ತಿ ಕೂಗುತ್ತಿರುವ ಮತ್ತೊಬ್ಬಳು. ಗೂಳಿಗೂ ಕುದುರೆಗೂ ನಡುವೆ, ಕತ್ತಲಲ್ಲಿ ಬಹುತೇಕ ಮುಚ್ಚಿಹೋದ ಒಂದು ಹಕ್ಕಿ. ಮೊದಲ ನೋಟಕ್ಕೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಎಲ್ಲವೂ ಕಲಸಿಹೋಗಿದೆಯಲ್ಲ, ಕೈಗೆ ಬಂದಂತೆ ಗೀಚಿದ್ದೇ?

ಹೆಚ್ಚು ಮಂದಿ ಕೇಳುವ ಪ್ರಶ್ನೆಯಿದು; ನನಗೆ ತುಂಬ ಇಷ್ಟವಾದ ಪ್ರಶ್ನೆಯೂ ಹೌದು.

ಚಿತ್ರದ ನಡುಭಾಗವನ್ನು ಕಣ್ಣು ಕಿರಿದು ಮಾಡಿ ನೋಡಿ. ದೀಪದ ತುದಿಯಿಂದ ಎರಡು ಓರೆಗೆರೆಗಳು ಇಳಿಯುತ್ತವೆ. ಒಂದು ಎಡಕ್ಕೆ, ಬಿದ್ದ ಯೋಧನ ಕೈಯವರೆಗೆ. ಇನ್ನೊಂದು ಬಲಕ್ಕೆ, ಕಾಲೆಳೆಯುವ ಹೆಂಗಸಿನ ಪಾದದವರೆಗೆ. ಅಗಲವಾದ ಒಂದು ತ್ರಿಕೋನ. ಅದರ ಎರಡು ಪಕ್ಕಕ್ಕೆ ಎರಡು ಲಂಬವಾದ ಭಾಗಗಳು: ಎಡಕ್ಕೆ ಗೂಳಿ ಮತ್ತು ತಾಯಿ, ಬಲಕ್ಕೆ ಉರಿಯುವ ಮನೆ. ಒಂದು ದೇವಾಲಯದ ಮುಂಭಾಗಕ್ಕೆ ಇರುವಷ್ಟು ಬಿಗಿಯಾದ ಲೆಕ್ಕಾಚಾರ ಇದರ ಕೆಳಗಿದೆ. ಚಿತ್ರ ಬೆಳೆಯುತ್ತಿದ್ದಾಗ ಡೋರಾ ಮಾರ್ ಎಂಬ ಕಲಾವಿದೆ ಅದರ ಹಂತ ಹಂತದ ಛಾಯಾಚಿತ್ರ ತೆಗೆದಿಟ್ಟರು. ಹಾಗಾಗಿ ಏನು ಬಂತು, ಏನು ಹೋಯಿತು ಎಂಬುದು ನಮಗೆ ಗೊತ್ತು. ಮೊದಲು ಬಿದ್ದ ಯೋಧ ಬಿಗಿಮುಷ್ಟಿಯ ತೋಳನ್ನು ಆಕಾಶಕ್ಕೆ ಎತ್ತಿದ್ದ. ಪಿಕಾಸೊ ಅದನ್ನು ಅಳಿಸಿದರು. ಕುದುರೆಯ ತಲೆ ಮೊದಲು ನೆಲದತ್ತ ಬಾಗಿತ್ತು. ಅದನ್ನು ಮೇಲಕ್ಕೆ ಎತ್ತಿ ಬಾಯಿ ತೆರೆಸಿದರು. ಬಣ್ಣದ ಕಾಗದದ ತುಂಡುಗಳನ್ನು ಅಂಟಿಸಿ ನೋಡಿ ತೆಗೆದುಹಾಕಿದರು.

ಆ ಎತ್ತಿದ ಮುಷ್ಟಿಯ ಬಗ್ಗೆ ಸ್ವಲ್ಪ ಯೋಚಿಸಿ. ಅದು ಉಳಿದಿದ್ದರೆ ಚಿತ್ರಕ್ಕೆ ಒಂದು ಘೋಷಣೆ ಸಿಗುತ್ತಿತ್ತು: ಸೋತಿಲ್ಲ, ಮತ್ತೆ ಏಳುತ್ತೇವೆ. ನೋಡುವವರಿಗೂ ಹಿಡಿದುಕೊಳ್ಳಲು ಏನೋ ಒಂದು ಇರುತ್ತಿತ್ತು. ಅದನ್ನು ತೆಗೆದ ಮೇಲೆ ಯೋಧನ ಕೈಯಲ್ಲಿ ಮುರಿದ ಕತ್ತಿ ಮಾತ್ರ ಉಳಿಯಿತು. ಗೊಂದಲವನ್ನು ಗೊಂದಲವಾಗಿ ಬರೆದರೆ ಅಲ್ಲಿ ಕಾಣುವುದು ಕಲಾವಿದನ ಗೊಂದಲ. ಯುದ್ಧದ ಗೊಂದಲ ಕಾಣಬೇಕಾದರೆ ಇಷ್ಟು ನಿಷ್ಠುರವಾಗಿ ಆಯ್ದುಕೊಳ್ಳಬೇಕು.

ಅಷ್ಟು ಲೆಕ್ಕಾಚಾರವಿದ್ದ ಮೇಲೆ ನೋಡುವವರಿಗೆ ದಿಕ್ಕು ತಪ್ಪುವುದೇಕೆ?

ಸಾಮಾನ್ಯವಾಗಿ ಒಂದು ಚಿತ್ರದ ಮುಂದೆ ನಿಂತಾಗ ನಮಗೆ ಅರಿವಿಲ್ಲದೆಯೇ ಕೆಲವು ಸಂಗತಿಗಳು ತಿಳಿದುಬಿಡುತ್ತವೆ: ಇದು ಮನೆಯೊಳಗೋ ಬಯಲೋ, ಹಗಲೋ ರಾತ್ರಿಯೋ, ಯಾರು ಹೊಡೆಯುವವರು, ಯಾರು ಪೆಟ್ಟು ತಿಂದವರು. ಗೆರ್ನಿಕಾ ಇವಿಷ್ಟನ್ನೂ ನಮ್ಮಿಂದ ಕಿತ್ತುಕೊಳ್ಳುತ್ತದೆ.

ಬಲ್ಬು, ಮೇಜು, ಬಲಗಡೆ ಅರೆತೆರೆದ ಬಾಗಿಲು ನೋಡಿದರೆ ಒಳಾಂಗಣ. ಹೆಂಚಿನ ಚಾವಣಿ, ಹೊರಗಿನಿಂದ ಕಾಣುವ ಕಿಟಕಿ, ಜ್ವಾಲೆ ನೋಡಿದರೆ ಬೀದಿ. ಬಲ್ಬಿನ ಸುತ್ತ ಸೂರ್ಯನಿಗಿರುವಂಥ ಕಿರಣಗಳಿವೆ, ಬೆಳಕು ಮಾತ್ರ ಎಲ್ಲೂ ಸರಿಯಾಗಿ ಬೀಳುವುದಿಲ್ಲ. ಒಂದು ಮುಖಕ್ಕೆ ಎರಡು ಕಣ್ಣೂ ಒಂದೇ ಪಕ್ಕದಲ್ಲಿ. ಯಾವ ಕಾಲು ಯಾರದು ಎಂದು ಹುಡುಕಬೇಕು. ಬಾಂಬು ಬಿದ್ದ ಮನೆಯೊಳಗೂ ಆಗುವುದು ಇದೇ. ಗೋಡೆ ಹೋದ ಕ್ಷಣ ಒಳಗು ಹೊರಗು ಎಂಬ ಭೇದ ಅಳಿಯುತ್ತದೆ.

ಇನ್ನೊಂದನ್ನು ಗಮನಿಸಿ: ಇಡೀ ಚಿತ್ರದಲ್ಲಿ ಒಂದೇ ಒಂದು ವಿಮಾನವಿಲ್ಲ, ಬಾಂಬಿಲ್ಲ, ಸಮವಸ್ತ್ರವಿಲ್ಲ. ಕೊಲ್ಲುವವನು ಚೌಕಟ್ಟಿನಲ್ಲೇ ಇಲ್ಲ. ತಲೆ ಎತ್ತಿದವರೆಲ್ಲ ನಮಗೆ ಕಾಣದ ಯಾವುದನ್ನೋ ನೋಡುತ್ತಿದ್ದಾರೆ. ಆಕಾಶದಿಂದ ಬಂದ ಸಾವಿಗೆ ಮುಖವಿರಲಿಲ್ಲ ಎಂಬ ಸತ್ಯವನ್ನು ಇದಕ್ಕಿಂತ ನೇರವಾಗಿ ಹೇಳುವ ದಾರಿ ನನಗೆ ಕಾಣದು.

ನಮ್ಮ ಹಳೇಬೀಡಿನ ಕೆತ್ತನೆಯಲ್ಲೂ ಯುದ್ಧವಿದೆ. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?

ವ್ಯತ್ಯಾಸ ದೊಡ್ಡದು. ಅದನ್ನು ಕಾಣಲು ನಮ್ಮ ಜಿಲ್ಲೆಯಲ್ಲಿ ಇರುವವರಿಗೆ ಸಿಕ್ಕಿರುವ ಅನುಕೂಲ ಬೇರೆಯವರಿಗೆ ಇಲ್ಲ.

ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ ಎಂದು ಪಟ್ಟಿಕೆಗಳು ಏರುತ್ತಾ ಹೋಗಿ, ಕಣ್ಣಿನ ಮಟ್ಟಕ್ಕೆ ಹತ್ತಿರದಲ್ಲಿ ರಾಮಾಯಣ, ಭಾರತ, ಭಾಗವತದ ಕಥೆಗಳು ಬರುತ್ತವೆ. ಅಲ್ಲಿ ಶರಶಯ್ಯೆಯ ಭೀಷ್ಮನಿದ್ದಾನೆ, ಎದುರುಬದುರಾದ ರಥಗಳಿವೆ, ಬಿಲ್ಲಿನಿಂದ ಹೊರಟ ಬಾಣಗಳು ಗೆರೆಗಳಾಗಿ ಸಾಗುತ್ತವೆ. ಅಭಿಮನ್ಯುವಿನ ಚಕ್ರವ್ಯೂಹವೂ ಇದೆ. ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಸೈನಿಕರ ಸಾಲುಗಳು ಸುರುಳಿಯಾಗಿ ಸುತ್ತಿಕೊಂಡು ಒಂದು ದುಂಡನೆಯ ಜಾಲವಾಗಿವೆ. ಹತ್ತಿರದ ರಥಗಳನ್ನು ಬದಿಯಿಂದ ತೋರಿಸಿದ ಶಿಲ್ಪಿ ಇಲ್ಲಿ ಮಾತ್ರ ನಮ್ಮನ್ನು ವ್ಯೂಹದ ಮೇಲಕ್ಕೆ ಎತ್ತಿ, ಕೆಳಗೆ ನೋಡುವಂತೆ ಮಾಡಿದ್ದಾನೆ. ಒಳಗೆ ಹೋಗುವ ದಾರಿ ನಮಗೆ ಕಾಣುತ್ತದೆ. ಹೊರಗೆ ಬರುವ ವಿದ್ಯೆ ಹುಡುಗನಿಗೆ ತಿಳಿಯದೆಂಬುದೂ ನಮಗೆ ಮೊದಲೇ ಗೊತ್ತು. ಆದ್ದರಿಂದಲೇ ಎದೆ ಹಿಂಡುತ್ತದೆ.

ಹಳೇಬೀಡಿನ ಶಿಲ್ಪಿ ನಮ್ಮನ್ನು ಚಕ್ರವ್ಯೂಹದ ಮೇಲೆ ನಿಲ್ಲಿಸಿದ. ಪಿಕಾಸೊ ಒಳಗೆ ನಿಲ್ಲಿಸಿದರು. ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇಷ್ಟೇ. ಮೇಲಿನಿಂದ ನೋಡಿದವನಿಗೆ ಯುದ್ಧಕ್ಕೊಂದು ಆಕಾರವಿದೆ, ಕಾರಣವಿದೆ, ಕೊನೆಯಿದೆ. ಒಳಗಿರುವವನಿಗೆ ಪಕ್ಕದವನ ಬೆನ್ನು, ಧೂಳು, ಎಲ್ಲಿಂದಲೋ ಕೇಳುವ ಕೂಗು ಬಿಟ್ಟರೆ ಏನೂ ಇಲ್ಲ. ಎರಡರಲ್ಲಿ ಯಾವುದು ಮೇಲು ಎಂದು ನಾನು ತೀರ್ಪು ಕೊಡುವುದಿಲ್ಲ. ಹನ್ನೆರಡನೇ ಶತಮಾನದ ಆ ಶಿಲ್ಪಿಯ ಮುಂದಿದ್ದವರಿಗೆ ಕಥೆ ಬಾಯಿಪಾಠವಾಗಿತ್ತು. 1937ರಲ್ಲಿ ಪ್ಯಾರಿಸ್‌ನಲ್ಲಿ ನಿಂತವರಿಗೆ ಕಥೆ ಎತ್ತ ಹೋಗುತ್ತದೆಂದು ಯಾರೂ ಹೇಳಿರಲಿಲ್ಲ. ಎರಡೇ ವರ್ಷದಲ್ಲಿ ಎರಡನೇ ಮಹಾಯುದ್ಧ ಬಂತು.

ವೀರಗಲ್ಲುಗಳನ್ನೂ ಯುದ್ಧಚಿತ್ರ ಎನ್ನಬಹುದೇ?

ಖಂಡಿತ ಎನ್ನಬಹುದು. ಹಾಸನ, ಚಿಕ್ಕಮಗಳೂರು ಸೀಮೆಯ ಊರುಗಳಲ್ಲಿ ಕೆರೆ ಏರಿಯ ಮೇಲೆ, ಗುಡಿಯ ಪಕ್ಕದಲ್ಲಿ ನಿಂತಿರುವ ಕಲ್ಲುಗಳನ್ನು ಮತ್ತೆ ನೋಡಿ. ಸಾಮಾನ್ಯವಾಗಿ ಮೂರು ಅಂಕಣ. ಕೆಳಗಿನದರಲ್ಲಿ ಕಾಳಗ: ಇಕ್ಕಟ್ಟಿನಲ್ಲಿ ಒತ್ತಿಕೊಂಡ ಮೈಗಳು, ಎತ್ತಿದ ಕತ್ತಿ, ಕಾಲಡಿ ಬಿದ್ದವರು, ಕೆಲವೆಡೆ ತುರುಗಳು. ಅದರ ಮೇಲೆ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಾರೆ. ಎಲ್ಲಕ್ಕಿಂತ ಮೇಲೆ ಅವನು ಶಿವಲಿಂಗದ ಮುಂದೆ ನೆಮ್ಮದಿಯಾಗಿ ಕೂತಿದ್ದಾನೆ.

ಕೆಳಗಿನ ಅಂಕಣದಲ್ಲಿ ದಿಗಿಲು ಇದ್ದೇ ಇದೆ. ಆದರೆ ಅವನು ಎಲ್ಲಿ ಹೋದ ಎಂಬ ಪ್ರಶ್ನೆಗೆ ಕಲ್ಲು ಉತ್ತರ ಕೊಟ್ಟುಬಿಡುತ್ತದೆ. ಹೆಂಡತಿ ಮಕ್ಕಳಿಗೆ, ಊರಿಗೆ ಆ ಉತ್ತರ ಬೇಕಿತ್ತು. ಗೆರ್ನಿಕಾವನ್ನು ಮೇಲಿನ ಎರಡು ಅಂಕಣ ಇಲ್ಲದ ವೀರಗಲ್ಲು ಎಂದು ನೋಡಿದರೆ ಅದರ ಕಷ್ಟ ಅರ್ಥವಾಗುತ್ತದೆ. ಬಿದ್ದ ಯೋಧನನ್ನು ಎತ್ತಿಕೊಳ್ಳಲು ಅಲ್ಲಿ ಯಾರೂ ಬರುವುದಿಲ್ಲ.

ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿರುವ ಯುದ್ಧದ ಭಿತ್ತಿಚಿತ್ರವೂ ಇದೇ ಬಗೆಯದೇ?

ಇಲ್ಲ. ಆದರೂ ಹೋಗಿ ನೋಡಲೇಬೇಕಾದದ್ದು. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಲಿಯ ಇಂಗ್ಲಿಷ್ ಪಡೆಯನ್ನು ಸೋಲಿಸಿದರು. 1784ರಲ್ಲಿ ಕಟ್ಟಿದ ಅರಮನೆಯ ಪಶ್ಚಿಮದ ಗೋಡೆಯಲ್ಲಿ ಆ ಕದನವಿದೆ. ಇದು ಗೆದ್ದವರು ಬರೆಸಿದ ಚಿತ್ರ. ಹಾಗಾಗಿ ಯಾರು ಯಾರೆಂಬ ಅನುಮಾನಕ್ಕೆ ಎಡೆಯೇ ಇಲ್ಲ: ಆನೆಗಳ ಮೇಲೆ ಅಪ್ಪ ಮಗ, ಸಾಲು ಹಿಡಿದ ಕುದುರೆ ಸವಾರರು, ಕೆಂಪು ಅಂಗಿಯ ಇಂಗ್ಲಿಷರು.

ಆದರೆ ಇಂಗ್ಲಿಷರು ಕಟ್ಟಿಕೊಂಡ ಚೌಕದ ನಡುವೆ ನೋಡಿ. ಮದ್ದಿನ ಬಂಡಿ ಸಿಡಿದಿದೆ. ಸುತ್ತಲೂ ಗೆರೆ ಎಳೆದಂತೆ ನಿಂತ ಸಿಪಾಯಿಗಳು, ಒಳಗೆ ಸ್ಫೋಟ, ಪಲ್ಲಕ್ಕಿಯಲ್ಲಿ ಕೂತ ಬೇಲಿ ಬಾಯಿಗೆ ಬೆರಳಿಟ್ಟುಕೊಂಡಿದ್ದಾನೆ. ಗೆದ್ದವನ ಕಲಾವಿದನಿಗೂ ಆ ಒಂದು ಕ್ಷಣದ ದಿಗ್ಭ್ರಮೆ ಗೊತ್ತಿತ್ತು, ಅದನ್ನು ಎದುರಾಳಿಯ ಪಾಲಿಗೆ ಬರೆದ. ಈ ಗೋಡೆಯನ್ನು ನಂತರದ ಕಾಲದಲ್ಲಿ ಮತ್ತೆ ಮತ್ತೆ ಬಣ್ಣ ಬಳಿದು ಸರಿಪಡಿಸಲಾಗಿದೆ. ಈಗ ಕಾಣುವ ಪ್ರತಿಯೊಂದು ಗೆರೆಯನ್ನೂ ಟಿಪ್ಪುವಿನ ಕಾಲದ್ದೆಂದು ತಿಳಿಯಬೇಡಿ.

ಗೆರ್ನಿಕಾದಲ್ಲಿ ಬಣ್ಣ ಏಕಿಲ್ಲ?

ಕಪ್ಪು, ಬಿಳುಪು, ಬೂದು ಮಾತ್ರ. ಪಿಕಾಸೊಗೆ ದಾಳಿ ತಲುಪಿದ್ದು ಪತ್ರಿಕೆಗಳ ಮೂಲಕ, ಕಪ್ಪು ಬಿಳುಪಿನ ಅಕ್ಷರ ಮತ್ತು ಛಾಯಾಚಿತ್ರಗಳಾಗಿ. ಕುದುರೆಯ ಮೈಯನ್ನು ಹತ್ತಿರದಿಂದ ನೋಡಿ. ಚರ್ಮದ ತುಂಬ ಸಣ್ಣ ಸಣ್ಣ ಲಂಬ ಗೀಟುಗಳು ಸಾಲು ಸಾಲಾಗಿ ನಿಂತಿವೆ. ದೂರದಿಂದ ಪತ್ರಿಕೆಯ ಕಾಲಂಗಳಂತೆ ಕಾಣುತ್ತವೆ, ಓದಲು ಹೋದರೆ ಒಂದಕ್ಷರವೂ ಇಲ್ಲ. ಸಾಯುತ್ತಿರುವ ಪ್ರಾಣಿಯ ಮೈಮೇಲೆಯೇ ಸುದ್ದಿ ಅಚ್ಚಾಗಿದೆ, ಆದರೆ ಅರ್ಥವಾಗದು. ಯುದ್ಧದ ಸುದ್ದಿಯನ್ನು ದೂರದಲ್ಲಿ ಕೂತು ಮೊಬೈಲಿನಲ್ಲಿ ಓದುವ ನಮ್ಮ ಪಾಡನ್ನೂ ಆ ಗೀಟುಗಳು ಹೇಳುತ್ತವೆ ಎಂದು ನನಗೆ ಅನಿಸುತ್ತದೆ.

ಕೆಂಪು ಇದ್ದಿದ್ದರೆ ಕಣ್ಣು ರಕ್ತವನ್ನು ಹುಡುಕಿ ಅಲ್ಲೇ ನಿಂತುಬಿಡುತ್ತಿತ್ತು.

ಗೂಳಿ ಯಾರು? ಕುದುರೆ ಯಾರು?

ಪಿಕಾಸೊ ಒಮ್ಮೆ ಗೂಳಿ ಎಂದರೆ ಗೂಳಿ, ಕುದುರೆ ಎಂದರೆ ಕುದುರೆ, ಅರ್ಥವನ್ನು ನೋಡುವವರೇ ಮಾಡಿಕೊಳ್ಳಲಿ ಎಂಬ ಮಾತಾಡಿದರು. ಇನ್ನೊಮ್ಮೆ, 1945ರ ಸಂದರ್ಶನದಲ್ಲಿ, ಗೂಳಿ ಕ್ರೌರ್ಯ ಮತ್ತು ಕತ್ತಲು, ಕುದುರೆ ಜನತೆ ಎಂಬರ್ಥದಲ್ಲಿ ಹೇಳಿದರು. ನಾನು ವಿದ್ಯಾರ್ಥಿಗಳಿಗೆ ಹೇಳುವುದು: ಗೂಳಿಯ ಮುಖ ನೋಡಿ. ಅದು ಯಾರನ್ನೂ ತಿವಿಯುತ್ತಿಲ್ಲ, ಯಾರನ್ನೂ ಕಾಯುತ್ತಿಲ್ಲ. ತಾಯಿಯ ಮೇಲೆ ನಿಂತಿದೆ, ಅಷ್ಟೇ. ಅದು ನೆರಳೋ ಬೆದರಿಕೆಯೋ ಎಂದು ನಿಮಗೆ ಖಚಿತವಾಗದಿದ್ದರೆ ಆ ಅನುಮಾನವನ್ನು ಹಾಗೆಯೇ ಇಟ್ಟುಕೊಳ್ಳಿ. ಇದಕ್ಕೆ ಇದು ಸಮ ಎಂದು ಪಟ್ಟಿ ಮಾಡಿ ಬಾಯಿಪಾಠ ಮಾಡುವುದು ಚಿತ್ರದ ಬಾಯಿ ಮುಚ್ಚಿಸಿದಂತೆ.

ಪಿಕಾಸೊ ಯುದ್ಧವನ್ನು ಕಣ್ಣಾರೆ ಕಂಡಿರಲಿಲ್ಲ. ಅಂಥವರು ಬರೆದದ್ದಕ್ಕೆ ಬೆಲೆಯಿದೆಯೇ?

ಮಾಜಿ ಸೈನಿಕರು ಈ ಪ್ರಶ್ನೆ ಕೇಳಿದಾಗ ನಾನು ಸ್ಪೇನಿನ ಚಿತ್ರಕಾರ ಗೋಯಾನ ಹೆಸರು ಎತ್ತುತ್ತೇನೆ. 1808ರಲ್ಲಿ ನೆಪೋಲಿಯನ್ನನ ಸೇನೆ ಸ್ಪೇನಿನಲ್ಲಿದ್ದಾಗ ಫ್ರಾನ್ಸಿಸ್ಕೊ ಗೋಯಾ ಅಲ್ಲೇ ಇದ್ದರು, ಅಷ್ಟು ಹೊತ್ತಿಗೆ ಕಿವಿ ಪೂರ್ತಿ ಕೇಳುತ್ತಿರಲಿಲ್ಲ. ಆ ಯುದ್ಧದ ಬಗ್ಗೆ ಅವರು ಮಾಡಿದ 82 ಮುದ್ರಣ ಚಿತ್ರಗಳಲ್ಲಿ 80 ಅವರು ತೀರಿಕೊಂಡು 35 ವರ್ಷಗಳಾದ ಮೇಲೆ, 1863ರಲ್ಲಿ ಹೊರಬಂದವು. ಅದರಲ್ಲೊಂದರ ಕೆಳಗೆ ‘ನಾನು ಇದನ್ನು ಕಂಡೆ’ ಎಂಬ ಬರಹವಿದೆ. ಚಿತ್ರದಲ್ಲಿ ಇರುವುದು ಓಡುತ್ತಿರುವ ಜನ, ಮಗುವನ್ನು ಎಳೆದುಕೊಳ್ಳುವ ತಾಯಿ, ಹಿಂದಿರುಗಿ ಗಾಬರಿಯಿಂದ ನೋಡುವ ಮುಖಗಳು. ಅವರನ್ನು ಓಡಿಸುತ್ತಿರುವುದು ಏನೆಂಬುದು ಚಿತ್ರದಲ್ಲಿ ಇಲ್ಲ! ಕಂಡೆ ಎಂದು ಸಾಕ್ಷಿ ನುಡಿದವರೇ ಕಂಡದ್ದನ್ನು ಚೌಕಟ್ಟಿನ ಆಚೆ ಇಟ್ಟಿದ್ದಾರೆ. ನೂರಕ್ಕೂ ಹೆಚ್ಚು ವರ್ಷಗಳ ನಂತರ ಪಿಕಾಸೊ ವಿಮಾನಗಳನ್ನು ಹೊರಗಿಟ್ಟದ್ದೂ ಹೀಗೆಯೇ.

ಗೋಯಾ 1814ರಲ್ಲಿ ಬರೆದ ‘1808ರ ಮೇ 3’ ಚಿತ್ರದಲ್ಲಿ ಬಿಳಿ ಅಂಗಿಯವನೊಬ್ಬ ಎರಡೂ ಕೈ ಚಾಚಿ ಮಂಡಿಯೂರಿದ್ದಾನೆ. ಕೋವಿ ಹಿಡಿದವರ ಮುಖ ಒಂದೂ ಕಾಣದು, ಬರೀ ಬೆನ್ನು. ನೆಲದ ಮೇಲಿಟ್ಟ ಲಾಂದ್ರದ ಬೆಳಕು ಸಾಯುವವನ ಮೇಲೆ ಮಾತ್ರ ಬೀಳುತ್ತದೆ. ಕಣ್ಣಾರೆ ಕಂಡರೋ ಇಲ್ಲವೋ ಎಂಬುದಕ್ಕಿಂತ, ಏನನ್ನು ತೋರಿಸದೆ ಬಿಡಬೇಕು ಎಂಬ ವಿವೇಕ ದೊಡ್ಡದು.

ಹೆಣ, ರಕ್ತ, ಕಿರುಚಾಟ ಇಲ್ಲದೆ ಯುದ್ಧವನ್ನು ತೋರಿಸಬಹುದೇ?

ತೋರಿಸಬಹುದು, ಕೆಲವು ಸಲ ಅದೇ ಹೆಚ್ಚು ಕಾಡುತ್ತದೆ. ಜಾನ್ ಸಿಂಗರ್ ಸಾರ್ಜೆಂಟ್ 1919ರಲ್ಲಿ ಮುಗಿಸಿದ ‘ಗ್ಯಾಸ್ಡ್’ ಎಂಬ ಆರು ಮೀಟರ್ ಉದ್ದದ ಚಿತ್ರದಲ್ಲಿ ಮೊದಲ ಮಹಾಯುದ್ಧದ ವಿಷಾನಿಲದಿಂದ ಕಣ್ಣು ಕಳೆದುಕೊಂಡ ಸೈನಿಕರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಮುಂದಿನವನ ಹೆಗಲು ಹಿಡಿದು ಸಾಲಾಗಿ ನಡೆಯುತ್ತಾರೆ. ಅವರಲ್ಲೊಬ್ಬ, ಮೆಟ್ಟಿಲಿದೆ ಎಂದು ಕೇಳಿಸಿಕೊಂಡು, ಕಾಲನ್ನು ಬೇಕಾದ್ದಕ್ಕಿಂತ ತುಂಬ ಎತ್ತರಕ್ಕೆ ಎತ್ತಿದ್ದಾನೆ. ಮೆಟ್ಟಿಲು ಎಷ್ಟು ಎತ್ತರವೋ ಅವನಿಗೆ ಗೊತ್ತಿಲ್ಲ. ಅನಿಶ್ಚಿತತೆ ಎಂಬುದನ್ನು ಒಂದು ಮೊಣಕಾಲಿನಲ್ಲಿ ಬರೆದಿದ್ದಾರೆ. ಹಿನ್ನೆಲೆಯಲ್ಲಿ ಕಣ್ಣಿದ್ದವರು ಫುಟ್ಬಾಲ್ ಆಡುತ್ತಿದ್ದಾರೆ.

ನಮ್ಮ ದೇಶದಲ್ಲಿ ಕಲಾವಿದ ಸೋಮನಾಥ್ ಹೋರ್ ಎಪ್ಪತ್ತರ ದಶಕದಲ್ಲಿ ಮಾಡಿದ ‘ಗಾಯಗಳು’ ಮಾಲಿಕೆಯಲ್ಲಿ ಮನುಷ್ಯಾಕೃತಿಯೇ ಇಲ್ಲ. ಬಿಳಿ ಕಾಗದದ ತಿರುಳಿನಲ್ಲಿ ಸೀಳುಗಳು, ಉಬ್ಬುಗಳು. ಅವರು ಹುಟ್ಟಿದ್ದು ಈಗ ಬಾಂಗ್ಲಾದೇಶದಲ್ಲಿರುವ ಚಟ್ಟಗಾಂವ್ ಸೀಮೆಯಲ್ಲಿ. ಬಾಂಬು ಬಿದ್ದದ್ದನ್ನೂ ಬಂಗಾಳದ ಬರಗಾಲವನ್ನೂ ಹರೆಯದಲ್ಲೇ ಕಂಡವರು.

ಮಕ್ಕಳಿಗೆ ತೋರಿಸಬಹುದೇ?

ತೋರಿಸಬಹುದು, ಪಕ್ಕದಲ್ಲಿ ಕೂತು ತೋರಿಸಿ. ಮಕ್ಕಳು ಸಂಕೇತಗಳ ಗೋಜಿಗೆ ಹೋಗುವುದಿಲ್ಲ, ಮಗುವಿಗೆ ಏನಾಯಿತು ಎಂದು ನೇರವಾಗಿ ಕೇಳುತ್ತಾರೆ. ಸುಳ್ಳು ಹೇಳಬೇಡಿ. ಅದು ಸತ್ತಿದೆ ಎಂದೇ ಹೇಳಿ.

ಪರೀಕ್ಷೆಗೆ ಏನು ಬರೆಯಬೇಕು?

ವರ್ಷ, ಅಳತೆ, ಮಾಧ್ಯಮ ಬರೆದ ಮೇಲೆ ನೀವೇ ಕಂಡ ಒಂದು ವಿವರವನ್ನು ಎತ್ತಿಕೊಂಡು, ಅದು ನಿಮ್ಮಲ್ಲಿ ಯಾವ ಅನುಮಾನ ಹುಟ್ಟಿಸಿತು ಎಂದು ಬರೆಯಿರಿ. ತೈಲವರ್ಣ, ಕ್ಯಾನ್ವಾಸ್, 1937, ಸುಮಾರು 3.5 ಮೀಟರ್ ಎತ್ತರ, 7.8 ಮೀಟರ್ ಅಗಲ.

ಫೋನಿನಲ್ಲಿ ನೋಡಿದರೆ ಸಾಲದೇ?

ವಿವರಗಳಿಗೆ ಸಾಕು, ಅನುಭವಕ್ಕೆ ಸಾಲದು. ಶಾಲೆಯ ಅಂಗಳದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಆ ಅಳತೆಯ ಆಯತ ಎಳೆದು ಅದರ ಮುಂದೆ ನಿಲ್ಲಿ. ನಿಮ್ಮ ಎತ್ತರದ ಎರಡರಷ್ಟಾಗುತ್ತದೆ. ಹತ್ತಿರ ಹೋದರೆ ಎರಡು ತುದಿಗಳೂ ಒಟ್ಟಿಗೆ ಕಣ್ಣಿಗೆ ಸಿಗುವುದಿಲ್ಲ. ಗೂಳಿಯನ್ನು ನೋಡುವಾಗ ಬೆಂಕಿ ತಪ್ಪಿಹೋಗುತ್ತದೆ. ಅಂಗೈಯಲ್ಲಿ ಹಿಡಿದಾಗ ಮಾತ್ರ ನಾವು ಮತ್ತೆ ವ್ಯೂಹದ ಮೇಲೆ ಹೋಗಿ ನಿಲ್ಲುತ್ತೇವೆ.

ಯುದ್ಧದ ಚಿತ್ರ ಬರೆಯಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ?

ಟ್ಯಾಂಕು, ವಿಮಾನ, ಧ್ವಜಗಳಿಂದ ಆರಂಭಿಸಬೇಡಿ. ಯಾರೋ ಒಬ್ಬರಿಗೆ ಏನೋ ಒಂದು ಕಾಣದ ಕ್ಷಣವನ್ನು ಆರಿಸಿಕೊಳ್ಳಿ: ಬಾಗಿಲ ಸದ್ದು ಕೇಳಿ ತಿರುಗಿದ ತಲೆ, ದೀಪ ಹಿಡಿದು ಕತ್ತಲಿಗೆ ಚಾಚಿದ ಕೈ. ಬೆಳಕು ಎಲ್ಲಿಂದ ಬರುತ್ತಿದೆ ಎಂದು ನಿರ್ಧರಿಸಿ, ಆಮೇಲೆ ಆ ಮೂಲವನ್ನು ಚೌಕಟ್ಟಿನಿಂದ ಹೊರಗೆ ತಳ್ಳಿ. ಪ್ರತಿ ಹಂತದಲ್ಲೂ ಒಂದು ಫೋಟೊ ತೆಗೆದಿಡಿ. ಸಮಾಧಾನ ಹೇಳುತ್ತಿರುವ ಭಾಗ ಯಾವುದು ಎಂದು ಹುಡುಕಿ, ಅದನ್ನು ಅಳಿಸಿದರೆ ಚಿತ್ರ ನಿಲ್ಲುತ್ತದೆಯೇ ನೋಡಿ.

ಗೆರ್ನಿಕಾ ಈಗ ಎಲ್ಲಿದೆ? ಅಷ್ಟು ದೂರ ಹೋಗಲಾಗದವರು ಏನು ಮಾಡಬೇಕು?

ಮ್ಯಾಡ್ರಿಡ್‌ನ ರೈನಾ ಸೋಫಿಯಾ ವಸ್ತುಸಂಗ್ರಹಾಲಯದಲ್ಲಿ 1992ರಿಂದ ಇದೆ. ಸ್ಪೇನಿನಲ್ಲಿ ಜನರ ಸ್ವಾತಂತ್ರ್ಯ ಮರಳುವವರೆಗೆ ಚಿತ್ರ ಅಲ್ಲಿಗೆ ಹೋಗಬಾರದೆಂಬುದು ಪಿಕಾಸೊ ಇಚ್ಛೆಯಾಗಿತ್ತು. ಹಲವು ದಶಕ ನ್ಯೂಯಾರ್ಕ್‌ನಲ್ಲಿದ್ದು, ಫ್ರಾಂಕೊ ಸತ್ತು ಆರು ವರ್ಷಗಳ ಬಳಿಕ, 1981ರಲ್ಲಿ ಸ್ಪೇನಿಗೆ ಬಂತು. ಆ ಹೊತ್ತಿಗೆ ಪಿಕಾಸೊ ಇರಲಿಲ್ಲ.

ಹೋಗಲಾಗದವರು ಹಾಸನದಿಂದ ಬಸ್ ಹತ್ತಿ ಮೊದಲು ಹಳೇಬೀಡಿಗೆ ಹೋಗಿ, ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ತಲುಪಿದರೆ ಕೆತ್ತನೆಯ ಆಳ ಚೆನ್ನಾಗಿ ಕಾಣುತ್ತದೆ. ಚಿಕ್ಕಮಗಳೂರು ಜಿಲ್ಲೆಯವರಿಗೆ ತರೀಕೆರೆ ಬಳಿಯ ಅಮೃತಾಪುರದಲ್ಲಿ, 1196ರ ಅಮೃತೇಶ್ವರ ದೇವಾಲಯದ ಗೋಡೆಯಲ್ಲಿ ರಾಮಾಯಣ, ಭಾರತದ ಫಲಕಗಳಿವೆ. ಕೈಯಲ್ಲಿ ಗೆರ್ನಿಕಾದ ಒಂದು ಮುದ್ರಿತ ಪ್ರತಿ ಇರಲಿ, ದೊಡ್ಡದಾದಷ್ಟೂ ಒಳ್ಳೆಯದು. ಒಂದು ರಥವನ್ನು ನೋಡಿ, ಒಂದು ಕುದುರೆಯನ್ನು ನೋಡಿ, ಆಮೇಲೆ ಪ್ರತಿಯಲ್ಲಿರುವ ಕುದುರೆಯನ್ನು ನೋಡಿ. ಜೊತೆಗೆ ಒಬ್ಬರಿದ್ದರೆ ಕಂಡದ್ದನ್ನು ಅಲ್ಲೇ ಮಾತನಾಡಿಕೊಳ್ಳಿ.